ಕಚೇರಿಯಿಂದ ಹೊರಬಿದ್ದ ಹೊಗೆ

ಉತ್ತರ ಬೆಂಗಳೂರಿನ ಕೊಡಿಗೇಹಳ್ಳಿಯಲ್ಲಿ ಯಾವುದೇ ಬ್ಯಾಂಕಿಗೋ ಕಚೇರಿಗೋ ಹೋಗಿ. ಅದರ ಬಾಗಿಲಲ್ಲಿ 60 ಸೆಂ.ಮೀ. ಉದ್ದ, 30 ಸೆಂ.ಮೀ. ಅಗಲದ ಒಂದು ಫಲಕವಿರಬೇಕು. ಇದು ಧೂಮಪಾನ ನಿಷೇಧಿತ ಸ್ಥಳ, ಇಲ್ಲಿ ಸೇದುವುದು ಅಪರಾಧ ಎಂದು ಅದು ತಿಳಿಸಬೇಕು. ದೂರು ಕೊಡುವುದು ಯಾರಿಗೆ ಎಂಬುದನ್ನೂ ಹೆಸರಿಸಿ ಪ್ರಕಟಿಸಿರಬೇಕು. 2008ರ ಅಕ್ಟೋಬರ್ 2ರಂದು ಜಾರಿಗೆ ಬಂದ ಕೇಂದ್ರ ನಿಯಮ ಇದನ್ನು ಕಡ್ಡಾಯ ಮಾಡಿದೆ.

ಕೆಲಸದ ಸ್ಥಳದಲ್ಲಿ ಸೇದಬಾರದೆಂಬ ಕಟ್ಟಳೆ ಇದಕ್ಕಿಂತ ಬಹಳ ಹಳೆಯದು. ಕಲ್ಲಿದ್ದಲ ಗಣಿಗಳಲ್ಲಿ, ಮದ್ದಿನ ಮನೆಗಳಲ್ಲಿ ಬೀಡಿ ಹಚ್ಚುವಂತಿರಲಿಲ್ಲ. ಕಾರಣ ಬೆಂಕಿ. 1911ರಲ್ಲಿ ನ್ಯೂಯಾರ್ಕಿನ ಟ್ರಯಾಂಗಲ್ ಉಡುಪು ಕಾರ್ಖಾನೆ ಹೊತ್ತಿ ಉರಿದು 146 ಮಂದಿ ಸತ್ತರು. ಬಟ್ಟೆಚೂರಿನ ತೊಟ್ಟಿಗೆ ಬಿದ್ದ ಬೆಂಕಿಕಡ್ಡಿ ಅಥವಾ ಸಿಗರೇಟಿನ ತುಂಡೇ ಮೂಲವಿರಬೇಕೆಂದು ತನಿಖೆ ಹೇಳಿತು. ಅಂದರೆ ಮಾಲೀಕರು ಹೆದರಿದ್ದು ಕಿಡಿಗೆ. ಹೊಗೆಯನ್ನು ಯಾರೂ ಲೆಕ್ಕಕ್ಕೆ ಇಟ್ಟಿರಲಿಲ್ಲ.

ಲೆಕ್ಕ ಬದಲಾಗಲು ಕಾರಣವಾದದ್ದು ಒಬ್ಬ ಟೆಲಿಫೋನ್ ನೌಕರಳ ಮೊಕದ್ದಮೆ. ಅಮೆರಿಕದ ನ್ಯೂಜೆರ್ಸಿಯಲ್ಲಿ ಡೋನಾ ಶಿಂಪ್ ಎಂಬಾಕೆಗೆ ಸಹೋದ್ಯೋಗಿಗಳ ಹೊಗೆಯಿಂದ ತೀವ್ರ ಅಲರ್ಜಿಯಾಗುತ್ತಿತ್ತು. ಅದೇ ಕಂಪನಿ ತನ್ನ ಸೂಕ್ಷ್ಮ ಯಂತ್ರಗಳ ಬಳಿ ಧೂಮಪಾನವನ್ನು ಮೊದಲೇ ನಿಷೇಧಿಸಿತ್ತು! ಯಂತ್ರದ ಮೇಲೆ ತೋರಿದ ಕಾಳಜಿಯನ್ನು ಮನುಷ್ಯರ ಮೇಲೂ ತೋರಬೇಕೆಂದು 1976ರಲ್ಲಿ ನ್ಯಾಯಾಲಯ ತೀರ್ಪಿತ್ತಿತು.

ವಿಜ್ಞಾನದ ಪುರಾವೆ ಗಟ್ಟಿಯಾದದ್ದು ಆನಂತರ. ದಮ್ಮು ಎಳೆಯುವಾಗ ಸಿಗರೇಟಿನ ತುದಿಯ ಉಷ್ಣತೆ ಸುಮಾರು 900 ಡಿಗ್ರಿ ಸೆಲ್ಸಿಯಸ್. ಎರಡು ದಮ್ಮುಗಳ ನಡುವೆ ಅದು 600ರ ಆಸುಪಾಸಿಗೆ ಇಳಿಯುತ್ತದೆ. ಆಗ ದಹನ ಅಪೂರ್ಣವಾಗಿ, ತುದಿಯಿಂದ ಸುಮ್ಮನೆ ಏಳುವ ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್, ಅಮೋನಿಯಾಗಳ ಪ್ರಮಾಣ ಹೆಚ್ಚಿರುತ್ತದೆ. ಪಕ್ಕದ ಮೇಜಿನವರ ಪಾಲಿಗೆ ಬರುವುದು ಬಹುಮಟ್ಟಿಗೆ ಇದೇ. ಜಪಾನಿನ ತಾಕೇಶಿ ಹಿರಾಯಾಮಾ 91,540 ಮಂದಿ ಧೂಮಪಾನ ಮಾಡದ ವಿವಾಹಿತೆಯರನ್ನು 14 ವರ್ಷ ಗಮನಿಸಿ 1981ರಲ್ಲಿ ಫಲಿತಾಂಶ ಪ್ರಕಟಿಸಿದರು. ವಿಪರೀತ ಸೇದುವವರ ಪತ್ನಿಯರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಹೆಚ್ಚಾಗಿತ್ತು. ಮನೆಯಲ್ಲಿ ಹೀಗಾದರೆ, ದಿನಕ್ಕೆ ಎಂಟು ಗಂಟೆ ಕೂರುವ ಕಚೇರಿಯಲ್ಲಿ?

ಭಾರತದಲ್ಲಿ 1975ರ ಸಿಗರೇಟು ಕಾಯ್ದೆ ಪೊಟ್ಟಣದ ಮೇಲಿನ ಎಚ್ಚರಿಕೆಗಷ್ಟೇ ನಿಂತಿತ್ತು. 1999ರಲ್ಲಿ ಕೇರಳ ಹೈಕೋರ್ಟ್, 2001ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ಸಾರ್ವಜನಿಕ ಸ್ಥಳಗಳ ಧೂಮಪಾನಕ್ಕೆ ತಡೆ ಹಾಕಿದವು. 2003ರಲ್ಲಿ ಕೇಂದ್ರ ಕಾಯ್ದೆ ಬಂತು. ಖಾಸಗಿ ಕಚೇರಿಗಳೂ ಸೇರಿ ಕೆಲಸದ ಸ್ಥಳಗಳೆಲ್ಲ 'ಸಾರ್ವಜನಿಕ ಸ್ಥಳ'ವೇ ಎಂದು ಸ್ಪಷ್ಟಪಡಿಸಿದ್ದು 2008ರ ನಿಯಮ. ಅಲ್ಲಿಯವರೆಗೆ ಸೇದಿದವನದಷ್ಟೇ ತಪ್ಪಾಗಿದ್ದರೆ, ಆಮೇಲೆ ಮಾಲೀಕ, ವ್ಯವಸ್ಥಾಪಕರೂ ಹೊಣೆಗಾರರಾದರು. ದೂರು ಬಂದರೂ ಸುಮ್ಮನಿದ್ದರೆ, ಅಲ್ಲಿ ನಡೆದ ಅಪರಾಧಗಳ ಸಂಖ್ಯೆಗೆ ತಕ್ಕಷ್ಟು ದಂಡವನ್ನು ಅವರೇ ತೆರಬೇಕು. ಆ್ಯಶ್‌ಟ್ರೇ, ಲೈಟರ್ ಇಡುವಂತಿಲ್ಲ.

ಮಾಲೀಕರ ದೊಡ್ಡ ಭಯ ವ್ಯಾಪಾರದ್ದು. ಆದರೆ ತೆರಿಗೆ ದಾಖಲೆಗಳನ್ನು ಆಧರಿಸಿ ಹೊರದೇಶಗಳಲ್ಲಿ ನಡೆದ ಉತ್ತಮ ಅಧ್ಯಯನಗಳಲ್ಲಿ ಹೋಟೆಲುಗಳ ಗಳಿಕೆ ಕುಸಿದದ್ದು ಕಾಣಲಿಲ್ಲ. ನೌಕರರ ಲಾಭವಂತೂ ಬೇಗ ಕಂಡಿತು. ಸ್ಯಾನ್ ಫ್ರಾನ್ಸಿಸ್ಕೋದ ಬಾರ್‌ಗಳಲ್ಲಿ 1998ರಲ್ಲಿ ನಿಷೇಧ ಜಾರಿಯಾದಾಗ 53 ನೌಕರರನ್ನು ಪರೀಕ್ಷಿಸಲಾಯಿತು. ಕೆಮ್ಮು, ಉಬ್ಬಸದಂಥ ತೊಂದರೆಯಿದ್ದ 39 ಮಂದಿಯಲ್ಲಿ 23 ಜನರಿಗೆ ಕೆಲವೇ ವಾರಗಳಲ್ಲಿ ಅದು ಹೋಗಿತ್ತು. 26 ಅಧ್ಯಯನಗಳನ್ನು ಕೂಡಿಸಿ ನೋಡಿದ 2002ರ ವಿಶ್ಲೇಷಣೆಯ ಪ್ರಕಾರ, ಹೊಗೆಮುಕ್ತ ಕಚೇರಿಗಳಲ್ಲಿ ಸೇದುವವರ ಪ್ರಮಾಣ ಶೇ. 3.8 ಅಂಶದಷ್ಟು ಇಳಿಯಿತು. ಬಿಡದವರೂ ದಿನಕ್ಕೆ ಸರಾಸರಿ 3.1 ಸಿಗರೇಟು ಕಡಿಮೆ ಸೇದಿದರು.

ನಮ್ಮಲ್ಲಿ ಏನಾಯಿತು? ಜಾಗತಿಕ ವಯಸ್ಕರ ತಂಬಾಕು ಸಮೀಕ್ಷೆಯಂತೆ, ಒಳಾಂಗಣದಲ್ಲಿ ದುಡಿಯುವವರ ಪೈಕಿ ಕೆಲಸದ ಜಾಗದಲ್ಲಿ ಪರರ ಹೊಗೆ ಕುಡಿದವರು 2009-10ರಲ್ಲಿ ಶೇ. 29.9, 2016-17ರಲ್ಲಿ ಶೇ. 30.2. ಏಳು ವರ್ಷಗಳಲ್ಲಿ ಏನೂ ಇಳಿಯಲಿಲ್ಲ! ನನ್ನ ಅಭಿಪ್ರಾಯದಲ್ಲಿ ಕಾರಣ ನಿಯಮದ ರಚನೆಯಲ್ಲೇ ಇದೆ. ಮಾನವ ಸಂಪನ್ಮೂಲ ವಿಭಾಗವಿರುವ ಕಂಪನಿಯಲ್ಲಿ ದೂರು ಸ್ವೀಕರಿಸಲು ಒಬ್ಬ ಅಧಿಕಾರಿಯಿರುತ್ತಾನೆ. ನಾಲ್ಕೇ ಜನರ ಗ್ಯಾರೇಜಿನಲ್ಲಿ ದೂರು ಕೇಳಬೇಕಾದವನೇ ಸೇದುವ ಮಾಲೀಕನಾದರೆ ಕೆಲಸದ ಹುಡುಗ ಬಾಯಿ ಬಿಡುವುದುಂಟೇ? ಹೋಟೆಲಿನ ಮಾಣಿಯ ಪಾಡೂ ಅಷ್ಟೆ. 30 ಅಥವಾ ಅದಕ್ಕಿಂತ ಹೆಚ್ಚು ಆಸನಗಳ ಹೋಟೆಲು ಪ್ರತ್ಯೇಕ ಧೂಮಪಾನ ಕೋಣೆ ಇಡಬಹುದೆಂದು 2003ರ ಕಾಯ್ದೆ ಬಿಟ್ಟಿತು. ಅಲ್ಲಿಗೆ ಕಾಫಿ ಒಯ್ಯುವವನ ಗತಿಯೇನೆಂಬ ಪ್ರಶ್ನೆಗೆ ಉತ್ತರ ಬಂದದ್ದು 2017ರಲ್ಲಿ, ಆ ಕೋಣೆಯಲ್ಲಿ ಯಾವ ಸೇವೆಯನ್ನೂ ಒದಗಿಸಬಾರದೆಂದು ನಿಯಮ ತಿದ್ದಿದಾಗ.

ದೊಡ್ಡ ಕಚೇರಿಗಳಿಂದ ಹೊರಬಿದ್ದ ಹೊಗೆ ಎತ್ತ ಹೋಯಿತೆಂದು ತಿಳಿಯಬೇಕಿದ್ದರೆ ಹೆಬ್ಬಾಳ, ಕೊಡಿಗೇಹಳ್ಳಿ ಕಡೆಯ ಬೇಕರಿಗಳ ಮುಂದೆ ಸಂಜೆ ಐದಕ್ಕೆ ನಿಂತು ನೋಡಿ. ಒಂದು ಕೈಯಲ್ಲಿ ಚಹಾ, ಇನ್ನೊಂದರಲ್ಲಿ ಸಿಗರೇಟು. ಅವರು ಹತ್ತು ನಿಮಿಷದಲ್ಲಿ ಹೊರಟುಬಿಡುತ್ತಾರೆ. ಗಲ್ಲಾದ ಹಿಂದಿನವನು ಅಂಗಡಿ ಮುಚ್ಚುವವರೆಗೂ ಅಲ್ಲೇ. ಬಾಗಿಲಿಲ್ಲದ ಆ ಅಂಗಡಿಯೂ ಒಂದು ಕೆಲಸದ ಸ್ಥಳ. ಕರ್ನಾಟಕ ತನ್ನ ತಿದ್ದುಪಡಿ ಕಾಯ್ದೆಯ ಮೂಲಕ 2025ರ ಮೇ ತಿಂಗಳಲ್ಲಿ ದಂಡವನ್ನು 200ರಿಂದ 1,000 ರೂಪಾಯಿಗೆ ಏರಿಸಿತು. ಆದರೆ ರಸ್ತೆಯಂಚಿಗೆ ನಿಂತು ಸೇದುವವನ ಹೊಗೆ ಒಳಗೆ ಬಂದರೆ ಅಪರಾಧ ಯಾರದೆಂಬುದು ದಂಡದ ಮೊತ್ತದಿಂದ ತೀರ್ಮಾನವಾಗುವುದಿಲ್ಲ.

ಶಿಕ್ಷಕರು ಇದನ್ನು ಒಂದು ಪ್ರಯೋಗವಾಗಿಸಬಹುದು. 2.5 ಮೈಕ್ರೋಮೀಟರಿಗಿಂತ ಸಣ್ಣ ಕಣಗಳನ್ನು ಅಳೆಯುವ ಅಗ್ಗದ ಉಪಕರಣಗಳು ಈಗ ಸಿಗುತ್ತವೆ. ಅಂಗಡಿಯವರ ಒಪ್ಪಿಗೆ ಪಡೆದು ಗಲ್ಲಾದ ಬಳಿ ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಅಳೆಯಿರಿ. ವಾಹನಗಳ ಹೊಗೆಯೂ ಬೆರೆಯುವುದರಿಂದ, ಸಿಗರೇಟು ಮಾರದ ಪಕ್ಕದ ಅಂಗಡಿಯೊಂದರಲ್ಲೂ ಅದೇ ಹೊತ್ತಿಗೆ ಅಳೆಯಲು ಮರೆಯಬೇಡಿ.