ಕಲ್ಲಿನ ಕಣಜವೂ ಶ್ರಾವಕಧರ್ಮವೂ

ಜೀರ್ಣೋದ್ಧಾರವೆಂದೊಡನೆ ನಮ್ಮ ಸಮಾಜಬಾಂಧವರ ಮನಸ್ಸು ಬಸದಿಯ ಗರ್ಭಗೃಹ, ಶಿಖರ, ಮಾನಸ್ತಂಭಗಳ ಕಡೆಗೆ ಹರಿಯುವುದು ಸಹಜ. ಬಸದಿಯ ಹಿಂಬದಿಯಲ್ಲಿಯೂ ಹಳೆಯ ಮನೆಗಳ ಹಿತ್ತಿಲಿನಲ್ಲಿಯೂ ನಿಂತಿರುವ ಕಲ್ಲಿನ ಉಗ್ರಾಣ, ಕಣಜಗಳನ್ನು ನೆನೆಯುವವರು ವಿರಳ. ಮಾಳಿಗೆ ಸೋರತೊಡಗಿದರೆ ಅದನ್ನು ಕೆಡವಿ, ಅಂಗಡಿ ಮಳಿಗೆ ಕಟ್ಟಿಸಿ ಬಾಡಿಗೆಗೆ ಕೊಡುವುದೇ ಲಾಭವೆಂಬ ಲೆಕ್ಕಾಚಾರ ಸಾಮಾನ್ಯವಾಗಿದೆ. ಈ ಲೆಕ್ಕ ಎಷ್ಟರಮಟ್ಟಿಗೆ ಸರಿಯೆಂಬುದನ್ನು ಇತಿಹಾಸದ ಬೆಳಕಿನಲ್ಲಿ ಪರಿಶೀಲಿಸುವುದು ಈ ಲೇಖನದ ಉದ್ದೇಶ.

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ದಾಸ್ತಾನಿನ ಕ್ರಮ ಎರಡು ಬಗೆಯದು: ರಾಗಿಗೆ ನೆಲದೊಳಗಿನ ಹಗೇವು, ಕೊಬ್ಬರಿಗೆ ನೆಲದ ಮೇಲಿನ ಅಟ್ಟ. ನೀರು ನಿಲ್ಲದ ಗಟ್ಟಿ ನೆಲದಲ್ಲಿ, ಬಾಯಿ ಕಿರಿದಾಗಿ ಒಡಲು ಅಗಲವಾಗಿ ಹಗೇವನ್ನು ತೋಡುತ್ತಿದ್ದರು. ಒಳಗೆ ಹುಲ್ಲು ಹಾಸಿ, ಚೆನ್ನಾಗಿ ಒಣಗಿಸಿ ಹಸನು ಮಾಡಿದ ರಾಗಿಯನ್ನು ತುಂಬಿ, ಬಾಯಿಗೆ ಕಲ್ಲುಚಪ್ಪಡಿ ಮುಚ್ಚಿ ಮಣ್ಣು ಮೆತ್ತುತ್ತಿದ್ದರು. ಗಾಳಿಯಾಡದ ಆ ಒಡಲಿನಲ್ಲಿ ಹುಳು ಬೆಳೆಯದು. ರಾಗಿ ವರ್ಷಗಟ್ಟಲೆ ಕೆಡದು. ಆ ಕಾರಣದಿಂದಲೇ ಹಗೇವನ್ನು ತೆರೆದೊಡನೆ ಒಳಗಿಳಿಯುವುದು ಪ್ರಾಣಾಪಾಯ. ಗಾಳಿಯಾಡಲು ಬಿಟ್ಟು, ದೀಪ ಇಳಿಬಿಟ್ಟು ನೋಡಿ, ಅದು ಆರದಿದ್ದರೆ ಮಾತ್ರ ಇಳಿಯುವುದು ರೂಢಿ. 1800ರಲ್ಲಿ ಈ ಸೀಮೆಯನ್ನು ಹಾದುಹೋದ ಫ್ರಾನ್ಸಿಸ್ ಬುಕನನ್, 1807ರಲ್ಲಿ ಪ್ರಕಟವಾದ ತನ್ನ ಪ್ರವಾಸಗ್ರಂಥದಲ್ಲಿ ರಾಗಿಯ ಹಗೇವುಗಳನ್ನು ಪ್ರಸ್ತಾಪಿಸಿದ್ದಾನೆ.

ಅಟ್ಟದ ರೀತಿ ಬೇರೆ. ಬಲಿತ ತೆಂಗಿನಕಾಯಿಯನ್ನು ಸಿಪ್ಪೆಸಹಿತ ಅಟ್ಟಕ್ಕೇರಿಸಿ 8ರಿಂದ 12 ತಿಂಗಳು ಬಿಟ್ಟರೆ ಒಳಗಿನ ನೀರು ಇಂಗುತ್ತದೆ. ಕೊಬ್ಬರಿ ಚಿಪ್ಪನ್ನು ಬಿಟ್ಟು, ಅಲುಗಿಸಿದಾಗ ಸದ್ದು ಮಾಡುತ್ತದೆ. ಆಗ ಸುಲಿದು ಒಡೆದರೆ ದೊರೆಯುವುದೇ ತಿಪಟೂರಿಗೆ ಹೆಸರು ತಂದ ಉಂಡೆ ಕೊಬ್ಬರಿ. ದಪ್ಪ ಕಲ್ಲುಗೋಡೆ ಬಿಸಿಲಿನ ಕಾವನ್ನು ತಡೆಯುತ್ತದೆ. ಅಟ್ಟದ ಸಂದುಗಳಲ್ಲಿ ಆಡುವ ಗಾಳಿ ತೇವವನ್ನು ಒಯ್ಯುತ್ತದೆ. ಹುಳು ಬಿದ್ದ ಮೇಲೆ ಕೊಲ್ಲುವುದಕ್ಕಿಂತ ಬೀಳದಂತೆ ಎಚ್ಚರ ವಹಿಸುವುದು ಅಹಿಂಸಾವ್ರತಿಗೆ ಒಪ್ಪುವ ಮಾರ್ಗವಷ್ಟೆ.

ಒಂದು ವರ್ಷ ಮಳೆ ತಪ್ಪಿದರೆ ಹಗೇವು ಮನೆಯನ್ನು ಕಾಯುತ್ತದೆ. ಮಳೆ ಮೇಲಿಂದ ಮೇಲೆ ತಪ್ಪಿದರೆ ಏನಾಗುವುದೆಂಬುದನ್ನು 1876–78ರ ಮಹಾಕ್ಷಾಮ ತೋರಿಸಿತು. 1871ರ ಜನಗಣತಿಯಲ್ಲಿ 50 ಲಕ್ಷ ದಾಟಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರಲ್ಲಿ 42 ಲಕ್ಷಕ್ಕಿಂತ ಕೆಳಗಿಳಿದಿತ್ತು. ಕಣಜದ ಬೆಲೆಯನ್ನು ಕೇವಲ ಬಾಡಿಗೆಯ ರೂಪಾಯಿಗಳಲ್ಲಿ ಎಣಿಸುವವರು ಈ ಅಂಕಿಗಳನ್ನು ಮರೆಯಬಾರದು.

ಹಾಗೆಂದು ಕೂಡಿಡುವುದೆಲ್ಲವೂ ಪುಣ್ಯವಲ್ಲ. ಸಮಂತಭದ್ರಾಚಾರ್ಯರು ರತ್ನಕರಂಡ ಶ್ರಾವಕಾಚಾರದಲ್ಲಿ ಪರಿಗ್ರಹಪರಿಮಾಣ ವ್ರತದ ಐದು ಅತಿಚಾರಗಳನ್ನು ಹೇಳುವಾಗ ಅತಿಸಂಗ್ರಹವನ್ನೂ ಎಣಿಸಿದ್ದಾರೆ. ಕಣಜ ಒಂದೇ, ಕಲ್ಲು ಒಂದೇ. ಹಸಿದವನಿಗಾಗಿ ಇಟ್ಟ ಧಾನ್ಯ ಆಹಾರದಾನಕ್ಕೆ ದಾರಿ, ಬೆಲೆಯೇರಲೆಂದು ಅಳತೆ ಮೀರಿ ಬಚ್ಚಿಟ್ಟ ಧಾನ್ಯ ವ್ರತಕ್ಕೆ ಕಳಂಕ. ವ್ಯಾಪಾರವೃತ್ತಿಯ ನಾವು ಈ ಭೇದವನ್ನು ಪ್ರತಿ ಹಂಗಾಮಿನಲ್ಲಿಯೂ ನೆನೆಯಬೇಕು.

ನಮ್ಮ ಶಾಸನಗಳು ಇಲ್ಲಿ ದಾರಿ ತೋರುತ್ತವೆ. ಬಸದಿಗಳಿಗೆ ಭೂಮಿ ಬಿಟ್ಟ ದಾನಶಾಸನಗಳಲ್ಲಿ ಖಂಡಸ್ಫುಟಿತ ಜೀರ್ಣೋದ್ಧಾರ, ಅಂದರೆ ಮುರಿದುದರ, ಬಿರಿದುದರ ದುರಸ್ತಿ, ಮತ್ತು ಋಷಿಯರ ಆಹಾರದಾನ ಎಂಬ ಎರಡು ಉದ್ದೇಶಗಳು ಮತ್ತೆ ಮತ್ತೆ ಜೊತೆಯಾಗಿ ಬರುತ್ತವೆ. ಶ್ರವಣಬೆಳಗೊಳದಲ್ಲಿ 1159ರಲ್ಲಿ ಇಪ್ಪತ್ನಾಲ್ಕು ತೀರ್ಥಂಕರರ ಬಸದಿಯನ್ನು ಕಟ್ಟಿಸಿದ ಹುಳ್ಳನು ಹೊಯ್ಸಳರ ಭಂಡಾರಿ. ಆ ಬಸದಿಗೆ ಭಂಡಾರ ಬಸದಿಯೆಂದೇ ಹೆಸರು. ಅದಕ್ಕೆ ಒಂದನೆಯ ನರಸಿಂಹನು ಸವಣೇರು ಗ್ರಾಮವನ್ನು ದತ್ತಿ ಬಿಟ್ಟನು. ಗ್ರಾಮದ ಹುಟ್ಟುವಳಿಯಿಲ್ಲದೆ ಪೂಜೆಯೂ ದಾನವೂ ಸಾಗುವಂತಿರಲಿಲ್ಲ. ಆದ್ದರಿಂದ ಧಾನ್ಯ ಕಾಯುವ ಕಟ್ಟಡ ಧರ್ಮಕ್ಕೆ ಹೊರಗಿನದಲ್ಲ.

ಇನ್ನು ದುರಸ್ತಿಯ ಕ್ರಮ. ಮೊದಲು ಕಟ್ಟಡದ ಅಳತೆ ಮತ್ತು ಛಾಯಾಚಿತ್ರಗಳನ್ನು ತೆಗೆದಿಡಬೇಕು. ಕಲ್ಲು ಬಿಚ್ಚಬೇಕಾಗಿ ಬಂದರೆ ಒಂದೊಂದಕ್ಕೂ ಸಂಖ್ಯೆ ಬರೆದು, ಅದೇ ಸ್ಥಾನದಲ್ಲಿ ಮರಳಿ ಕೂರಿಸಬೇಕು. ಗಾರೆಯ ಗೋಡೆಗೆ ಸಿಮೆಂಟ್ ಬಳಿಯಬಾರದು. ಸುಣ್ಣದ ಗಾರೆ ತೇವವನ್ನು ಹೊರಬಿಡುತ್ತದೆ, ಸಿಮೆಂಟ್ ಒಳಗೇ ಹಿಡಿದಿಟ್ಟು ಗೋಡೆಯನ್ನೂ ದಾಸ್ತಾನನ್ನೂ ಕೆಡಿಸುತ್ತದೆ. ಮಳೆನೀರು ತಳಪಾಯದಿಂದ ದೂರ ಹರಿಯುವಂತೆ ಚರಂಡಿ ತೆಗೆಯುವುದು ಎಲ್ಲಕ್ಕಿಂತ ಅಗತ್ಯ. 1991ರಲ್ಲಿ ಆರಂಭವಾದ ಶ್ರೀ ಧರ್ಮಸ್ಥಳ ಮಂಜುನಾಥೇಶ್ವರ ಧರ್ಮೋತ್ಥಾನ ಟ್ರಸ್ಟ್, ಸರ್ಕಾರ ಮತ್ತು ಊರವರೊಡನೆ ವೆಚ್ಚ ಹಂಚಿಕೊಂಡು ಅನೇಕ ಪ್ರಾಚೀನ ದೇವಾಲಯಗಳನ್ನು ಹೀಗೆ ಉಳಿಸಿದೆ. ಅದೇ ಶಿಸ್ತು ಚಿಕ್ಕ ಉಗ್ರಾಣಕ್ಕೂ ಸಲ್ಲಬೇಕು.

ದುರಸ್ತಿಯಾದ ಕಣಜಕ್ಕೆ ಬೀಗ ಹಾಕಿ ನಾಮಫಲಕ ತೂಗುಹಾಕಿದರೆ ಕೆಲಸ ಅರ್ಧವಷ್ಟೇ ಆಗುತ್ತದೆ. ಅದರಲ್ಲಿ ಮತ್ತೆ ರಾಗಿ, ಅಕ್ಕಿ ತುಂಬಲಿ. ಪರ್ವದಿನಗಳ ಆಹಾರದಾನಕ್ಕೂ ಬಡ ವಿದ್ಯಾರ್ಥಿಗಳ ಊಟಕ್ಕೂ ಅಲ್ಲಿಂದ ಧಾನ್ಯ ಹೊರಡಲಿ. ವರ್ಷದ ಕೊನೆಗೆ ಟ್ರಸ್ಟಿನ ಲೆಕ್ಕಪತ್ರದಲ್ಲಿ ಒಳಬಂದ ಚೀಲಗಳ ಪಕ್ಕದಲ್ಲಿ, ದಾನವಾಗಿ ಹೊರಹೋದ ಚೀಲಗಳನ್ನೂ ಬರೆಯುವ ಪದ್ಧತಿ ಬರಲಿ.