ಆಪ್‌ನಲ್ಲಿ ಸಿಕ್ಕಿಕೊಂಡ ದುಡ್ಡು: ಯಾರನ್ನ ಕೇಳಬೇಕು, ಯಾವಾಗ ಕೇಳಬೇಕು?

ಫೋನ್‌ಪೇ, ರೇಜರ್‌ಪೇ, ಕ್ಯಾಶ್‌ಫ್ರೀ ಮೂರರ ಕೇಂದ್ರ ಕಚೇರಿಯೂ ಬೆಂಗಳೂರಲ್ಲೇ ಇದೆ. ಶಿವಾಜಿನಗರದ ರಸೆಲ್ ಮಾರ್ಕೆಟ್ಟಿನಿಂದ ಇಂದಿರಾನಗರದ ಕಾಫಿ ಅಂಗಡಿವರೆಗೂ ಕ್ಯೂಆರ್ ಕೋಡ್ ಇಲ್ಲದ ಗಲ್ಲಾ ಸಿಗೋದು ಕಷ್ಟ. ಆದರೆ ದುಡ್ಡು ಸಿಕ್ಕಿಕೊಂಡಾಗ ಮಾತಾಡೋಕೆ ಸಿಗೋದು ಚಾಟ್‌ಬಾಟ್ ಮಾತ್ರ. ಕಾಯಿರಿ ಅನ್ನುತ್ತೆ. ಎಷ್ಟು ದಿನ ಅಂತ ಹೇಳಲ್ಲ. ಅದನ್ನ ರಿಸರ್ವ್ ಬ್ಯಾಂಕ್ ಹೇಳಿದೆ.

ಮೊದಲು ನೋಡಬೇಕಾದ್ದು ದುಡ್ಡು ಎಲ್ಲಿ ನಿಂತಿದೆ ಅಂತ. ವ್ಯವಹಾರ ಫೇಲ್ ಆಗಿದೆಯಾ, ಕಂಪನಿ ತಡೆಹಿಡಿದಿದೆಯಾ, ಪೊಲೀಸರ ಸೂಚನೆ ಮೇಲೆ ಖಾತೆ ಫ್ರೀಜ್ ಆಗಿದೆಯಾ? ಮೂರಕ್ಕೂ ದಾರಿ ಬೇರೆ ಬೇರೆ.

ಫೇಲ್ ಆದ ವ್ಯವಹಾರಕ್ಕೆ ನಿಯಮ ಸ್ಪಷ್ಟ. ಆರ್‌ಬಿಐನ 2019ರ ಸೆಪ್ಟೆಂಬರ್ 20ರ ಸುತ್ತೋಲೆ ಪ್ರಕಾರ, ಯುಪಿಐನಲ್ಲಿ ಒಬ್ಬರಿಗೆ ಕಳಿಸಿದ ಹಣ ನಿಮ್ಮ ಖಾತೆಯಿಂದ ಕಡಿತವಾಗಿ ಅವರಿಗೆ ತಲುಪದಿದ್ದರೆ ಮರುದಿನದೊಳಗೆ ವಾಪಸ್ ಬರಬೇಕು. ಅಂಗಡಿಗೆ ಕಟ್ಟಿದ್ದು ದೃಢಪಡದಿದ್ದರೆ ಐದು ದಿನ. ಕೆ.ಆರ್.ಪುರದಲ್ಲಿ ಸೋಮವಾರ ತರಕಾರಿಗೆ ಕೊಟ್ಟಿದ್ದು ಸಿಕ್ಕಿಕೊಂಡರೆ ಶನಿವಾರ ಕೊನೆ ಗಡುವು. ಆಮೇಲೆ ದಿನಕ್ಕೆ 100 ರೂಪಾಯಿ ಪರಿಹಾರ. ಇದನ್ನ ಗ್ರಾಹಕ ದೂರು ಕೊಡೋ ತನಕ ಕಾಯದೆ ತಾನಾಗಿ ಖಾತೆಗೆ ಹಾಕಬೇಕು ಅಂತ ಅದೇ ಸುತ್ತೋಲೆಯಲ್ಲಿದೆ. ನಿಮ್ಮ ಪರಿಚಯದವರಲ್ಲಿ ಯಾರಿಗಾದರೂ ಬಂದಿದೆಯಾ, ಕೇಳಿ ನೋಡಿ. ಕೇಳದೇ ಇದ್ರೆ ಕೊಡಲ್ಲ ಅನ್ನೋ ಅನುಮಾನ ನನಗಂತೂ ಇದೆ.

ಹಾಗಾಗಿ ಆಪ್‌ನಲ್ಲೇ ದೂರು ದಾಖಲಿಸಿ, 12 ಅಂಕಿಯ ಯುಪಿಐ ಉಲ್ಲೇಖ ಸಂಖ್ಯೆ ಹಾಕಿ ಬ್ಯಾಂಕಿಗೂ ಬರೆಯಿರಿ. ಪರಿಹಾರದ ಮೊತ್ತವನ್ನೂ ಲೆಕ್ಕಹಾಕಿ ಕೇಳಿ. ಕಸ್ಟಮರ್ ಕೇರ್ ನಂಬರನ್ನ ಮಾತ್ರ ಗೂಗಲ್‌ನಲ್ಲಿ ಹುಡುಕಬೇಡಿ, ಅಲ್ಲಿ ಉಳಿದ ದುಡ್ಡೂ ಹೋಗುತ್ತೆ. ಬ್ಯಾಂಕ್ ಅಥವಾ ವ್ಯಾಲೆಟ್ ಕಂಪನಿ 30 ದಿನದಲ್ಲಿ ಉತ್ತರ ಕೊಡದಿದ್ದರೆ, ಕೊಟ್ಟ ಉತ್ತರ ಒಪ್ಪಿಗೆಯಾಗದಿದ್ದರೆ, ಆರ್‌ಬಿಐ ಓಂಬುಡ್ಸ್‌ಮನ್. ಶುಲ್ಕ ಇಲ್ಲ, ವಕೀಲರು ಬೇಡ, ಸಹಾಯವಾಣಿ 14448. ಆರ್‌ಬಿಐ ಕಚೇರಿ ನೃಪತುಂಗ ರಸ್ತೆಯಲ್ಲೇ ಇದ್ದರೂ ಅಂಚೆಯಲ್ಲಿ ಕಳಿಸೋ ದೂರು ಹೋಗೋದು ಚಂಡೀಗಢಕ್ಕೆ. ಆನ್‌ಲೈನ್ ಪೋರ್ಟಲ್ಲೇ ವಾಸಿ.

ಇನ್ನು ಗ್ರಾಹಕ ಆಯೋಗ. 2019ರ ಕಾಯ್ದೆ ಬಂದಮೇಲೆ ನೀವಿರೋ ಊರಲ್ಲೇ ಕೇಸ್ ಹಾಕಬಹುದು. ಕಂಪನಿ ನೋಯ್ಡಾದ್ದೇ ಆಗಿರಲಿ, ಹಲಸೂರಿನವರು ಬೆಂಗಳೂರಲ್ಲೇ ಹಾಕಬಹುದು. ಎರಡು ವರ್ಷದ ಮಿತಿ ಇದೆ. ಸೇವೆಗೆ ಕೊಟ್ಟ ಮೊತ್ತ 5 ಲಕ್ಷದೊಳಗಿದ್ದರೆ ಶುಲ್ಕ ಇಲ್ಲ. ಆದರೆ ಯುಪಿಐ ಪುಕ್ಕಟೆ ಸೇವೆ, ನೀವು ಗ್ರಾಹಕರೇ ಅಲ್ಲ ಅಂತ ಕಂಪನಿ ವಾದಿಸಬಹುದು. ಸಣ್ಣ ಯುಪಿಐ ತಕರಾರಿಗೆ ಓಂಬುಡ್ಸ್‌ಮನ್ನೇ ಸಲೀಸು.

ಆನ್‌ಲೈನ್‌ನಲ್ಲಿ ಸೀರೆ, ಕೇಕು ಮಾರುವವರ ಕಷ್ಟ ಬೇರೆ. ಪೇಮೆಂಟ್ ಗೇಟ್‌ವೇ 'ರಿಸ್ಕ್' ಅಂತ ವಾರಗಟ್ಟಲೆ ಹಣ ಹಿಡಿದಿಟ್ಟರೆ ಮೊದಲು ಹೋಗೋದು ಬಂಡವಾಳ. ಆ ಹಣ ಕಂಪನಿಯದ್ದಲ್ಲ. 2020ರ ಮಾರ್ಚ್‌ನಲ್ಲೇ ಆರ್‌ಬಿಐ ಅದನ್ನ ಎಸ್ಕ್ರೋ ಖಾತೆಯಲ್ಲಿ ಬೇರೆಯಾಗಿ ಇಡಬೇಕು ಅಂದಿದೆ. ಒಪ್ಪಂದದ ಯಾವ ಷರತ್ತಿನಡಿ, ಯಾವ ವ್ಯವಹಾರಕ್ಕೆ, ಯಾವ ತಾರೀಖಿನವರೆಗೆ ತಡೆದಿದ್ದೀರಿ ಅಂತ ನೋಡಲ್ ಅಧಿಕಾರಿಗೆ ಇಮೇಲ್ ಮಾಡಿ. ಫೋನ್ ಬೇಡ, ದಾಖಲೆ ಉಳಿಯಲ್ಲ. ಗ್ರಾಹಕ ಆಯೋಗಕ್ಕೆ ಹೋದರೆ ಇದು ವಾಣಿಜ್ಯ ಉದ್ದೇಶ ಅನ್ನೋ ಆಕ್ಷೇಪ ಬರುತ್ತೆ. ಹೊಟ್ಟೆಪಾಡಿನ ಸ್ವಂತ ಉದ್ಯೋಗ ಅಂತ ಅರ್ಜಿಯಲ್ಲೇ ವಿವರಿಸಬೇಕು.

ಎಲ್ಲಕ್ಕಿಂತ ಕಷ್ಟದ್ದು ಫ್ರೀಜ್. ಎಲ್ಲೋ ನಡೆದ ಸೈಬರ್ ವಂಚನೆಯ ದುಡ್ಡು ಕೈ ಬದಲಾಯಿಸುತ್ತಾ, ಗಿರಾಕಿಯೊಬ್ಬರ 300 ರೂಪಾಯಿಯಾಗಿ ನಿಮ್ಮ ಗಲ್ಲಾಕ್ಕೆ ಬಂದಿರುತ್ತೆ. ಬೇರೆ ರಾಜ್ಯದ ಪೊಲೀಸರ ಪತ್ರಕ್ಕೆ ಇಡೀ ಖಾತೆ ಬಂದ್! ಇಲ್ಲಿ ಓಂಬುಡ್ಸ್‌ಮನ್‌ಗೆ ಅಧಿಕಾರ ಇಲ್ಲ, ಬ್ಯಾಂಕ್ ಪಾಲಿಸಿದ್ದು ಪೊಲೀಸರ ಆದೇಶವನ್ನ. ಸೈಬರ್ ದೂರಿನ ಸಂಖ್ಯೆ, ಠಾಣೆಯ ಹೆಸರು, ತಕರಾರಿನ ಮೊತ್ತ, ಈ ಮೂರನ್ನೂ ಬ್ಯಾಂಕಿನಿಂದ ಬರವಣಿಗೆಯಲ್ಲಿ ಪಡೆಯಿರಿ. ಬಿಲ್ ಲಗತ್ತಿಸಿ ತನಿಖಾಧಿಕಾರಿಗೆ ಬರೆಯಿರಿ. ಒಪ್ಪದಿದ್ದರೆ ಮ್ಯಾಜಿಸ್ಟ್ರೇಟ್ ಕೋರ್ಟು, ಕೊನೆಗೆ ಹೈಕೋರ್ಟು. ಇಡೀ ಖಾತೆಯನ್ನಲ್ಲ, ಅನುಮಾನವಿರೋ ಮೊತ್ತವನ್ನಷ್ಟೇ ತಡೆಹಿಡಿಯಿರಿ ಅಂತ ಕೇರಳ ಹೈಕೋರ್ಟ್ 2023ರಲ್ಲಿ ಬ್ಯಾಂಕುಗಳಿಗೆ ಹೇಳಿತ್ತು. ಅದು ಕರ್ನಾಟಕವನ್ನ ಕಟ್ಟಿಹಾಕಲ್ಲ, ಆದರೂ ನಿಮ್ಮ ಪತ್ರದಲ್ಲಿ ಉಲ್ಲೇಖಿಸಿ. 300 ರೂಪಾಯಿ ಬಿಟ್ಟು ಮಿಕ್ಕ ದುಡ್ಡು ಬಿಡುಗಡೆ ಮಾಡಿ ಅಂತ ಕೇಳೋಕೆ ಅದು ಆಧಾರ.