ಘಟಕ

ಕೊರಟಗೆರೆ ಬಸ್ ನಿಲ್ದಾಣದಲ್ಲಿ ಘಟಕ ಎಂದರೆ ಮಧುಗಿರಿಯದೋ ಪಾವಗಡದ್ದೋ ಕೆಎಸ್‌ಆರ್‌ಟಿಸಿ ಡಿಪೊ. ಪದದ ಬೇರು ಸಂಸ್ಕೃತದ 'ಘಟ್' ಧಾತು. ಘಟನೆ, ಸಂಘಟನೆ, ವಿಘಟನೆ ಇದರ ಒಡಹುಟ್ಟುಗಳು. ಕೂಡಿಸುವವನು ಎಂಬುದು ಹಳೆಯ ಅರ್ಥ. ಬಂಗಾಳದಲ್ಲಿ ಮದುವೆ ಕುದುರಿಸುವವನೇ ಘಟಕ! ನಮ್ಮಲ್ಲಿ ಕೂಡಿಸುವವನು ಮರೆಯಾಗಿ, ಕೂಡಿಕೊಳ್ಳುವ ಭಾಗ ಉಳಿಯಿತು.

ತಂತ್ರಾಂಶದ 'ಕಾಂಪೊನೆಂಟ್'ಗೂ ಇದೇ ಪದ. ಮುಕ್ತ ತಂತ್ರಾಂಶವಾದ ಕೆಡಿಇಯಲ್ಲಿ 'ಕೆಪಾರ್ಟ್ಸ್' ಎಂಬ ಏರ್ಪಾಡಿದೆ: ಪಿಡಿಎಫ್ ತೋರಿಸುವ ಓಕ್ಯುಲರ್, ಕಾಂಕರರ್ ಬ್ರೌಸರ್‌ನ ಕಿಟಕಿಯೊಳಗೇ ಬಂದು ಕೂರುತ್ತದೆ, ತನ್ನ ಮೆನುವನ್ನೂ ಜೊತೆಗೆ ತರುತ್ತದೆ. ಕೆಡಿಇಯಂಥದೇ ಇನ್ನೊಂದು ಡೆಸ್ಕ್‌ಟಾಪ್ ಆದ ಗ್ನೋಮ್‌ನವರ 'ಬೊನೊಬೊ' ಇಂಥದೇ ಕೆಲಸಕ್ಕೆ ಹುಟ್ಟಿ, ಜಟಿಲವೆನಿಸಿ ಮೂಲೆ ಸೇರಿತು. ಕಾಂಪೊನೆಂಟ್‌ಗೆ ಕೆಲವರು 'ಬಿಡಿಭಾಗ' ಎನ್ನುತ್ತಾರೆ. ನನಗೇಕೋ ಅದರಲ್ಲಿ ಗ್ಯಾರೇಜಿನ ಗ್ರೀಸ್ ವಾಸನೆ. ಘಟಕವೇ ವಾಸಿ.